ಪ್ರಾರ್ಥನೆಯ ಹೊತ್ತಿನ ನೀರು

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅದರ ಬಾಳೆತೋಟವನ್ನು ಹಾದು ಒಂದು ಕಾಲುವೆ ಕೆಳಗಿನ ತೋಟಗಳಿಗೆ ಹೋಗುತ್ತಿತ್ತು.

ಒಂದು ದಿನ ಕೆಳಗಿನ ವೀಳ್ಯದೆಲೆ ತೋಟದ ತಿಪ್ಪವ್ವ ಬಂದು ಗುರುಗಳ ಮುಂದೆ ನಿಂತಳು.

“ಅಪ್ಪಾರ, ನಮ್ಮ ಎಲಿಬಳ್ಳಿ ಒಣಗಾಕ ಹತ್ಯಾವು. ನಿಮ್ಮ ತ್ವಾಟ ದಾಟಿ ನೀರು ಬರವಲ್ದು. ಹಿಂಗಾದ್ರ ಒಂದ್ ಬಳ್ಳಿನೂ ಉಳಿಯಂಗಿಲ್ರಿ.”

ಗುರುಗಳು ಮುರಿಗೆಯ್ಯನನ್ನು ಕರೆದರು. ಲೆಕ್ಕದಲ್ಲಿ ಅವನನ್ನು ಮೀರಿಸುವ ಶಿಷ್ಯ ಇರಲಿಲ್ಲ. ಈ ಸಂಗತಿ ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು.

“ಕೆಳಗೆ ಎಷ್ಟು ನೀರು ಹೋಗುತ್ತದೆ, ಅಳೆದು ಹೇಳು.”

ಕೆಲವು ದಿನಗಳಾದ ಮೇಲೆ ಮುರಿಗೆಯ್ಯ ನಗುತ್ತಾ ಬಂದ.

“ಬೇಕಾದಷ್ಟು ಹೋಗುತ್ತಿದೆ, ಗುರುಗಳೇ. ಆಕೆ ಸುಮ್ಮನೆ ದೂರುತ್ತಾಳೆ.”

“ಹೇಗೆ ಅಳೆದೆ?”

“ಪ್ರಾರ್ಥನೆ ನಡೆಯುವಾಗೆಲ್ಲ ಎದ್ದು ಹೋಗಿ ಕಾಲುವೆಗೆ ಕೋಲು ಇಳಿಸಿದೆ. ಉಳಿದವರು ತೋಟಕ್ಕಿಳಿದಾಗ ನಾನು ಓದುತ್ತೇನೆ, ಆ ಹೊತ್ತು ಹಾಳಾಗಬಾರದಲ್ಲ! ಮುಂದಿನ ಪ್ರಾರ್ಥನೆಯವರೆಗೂ ಅಷ್ಟೇ ನೀರು ಹರಿಯಿತು ಎಂದು ಹಿಡಿದು, ಎಲ್ಲವನ್ನೂ ಕೂಡಿಸಿದೆ. ಒಮ್ಮೆಯೂ ನೀರು ಮೊಣಕಾಲಿಗಿಂತ ಕೆಳಗೆ ಇಳಿದಿರಲಿಲ್ಲ.”

ಗುರುಗಳು ಮರುದಿನ ಬೆಳಗಿನ ಪ್ರಾರ್ಥನೆಗೆ ಮುಂಚೆ ಅವನನ್ನು ತೋಟದ ಕೆಳಗಿನ ಅಂಚಿಗೆ ಕರೆದೊಯ್ದು, ಕಾಲುವೆಯೊಳಗೆ ಕಾಲು ಇಳಿಬಿಡಿಸಿ ಕೂರಿಸಿದರು.

“ಮಧ್ಯಾಹ್ನದ ಪ್ರಾರ್ಥನೆ ಶುರುವಾಗುವ ತನಕ ಏಳಬೇಡ.”

ನೀರು ಮೊಣಕಾಲಿನವರೆಗೆ ತಣ್ಣಗೆ ಹರಿಯುತ್ತಿತ್ತು.

ಪ್ರಾರ್ಥನೆ ಮುಗಿಯಿತು. ಶಿಷ್ಯರು ಪಂಚೆ ಎತ್ತಿ ಕಟ್ಟಿ ತೋಟಕ್ಕೆ ಇಳಿದರು. ಕಾಲುವೆಯ ಬದಿಗೆ ಅಡ್ಡವಿಟ್ಟಿದ್ದ ಹಲಗೆ ತೆಗೆದು ನೀರನ್ನು ಬಾಳೆಯ ಸಾಲಿಗೆ ತಿರುಗಿಸಿದರು.

ಮುರಿಗೆಯ್ಯನ ಮೊಣಕಾಲು ಒಣಗಿತು. ಆಮೇಲೆ ಮೀನಖಂಡ. ಕೊನೆಗೆ ಅಂಗಾಲ ಕೆಳಗೆ ಬರೀ ಕೆಸರು ಉಳಿಯಿತು.

ಹೊತ್ತು ನೆತ್ತಿಗೇರುವಾಗ ಶಿಷ್ಯರು ಹಲಗೆ ಮುಚ್ಚಿ, ಕೈಕಾಲು ತೊಳೆದುಕೊಂಡು ಪ್ರಾರ್ಥನೆಗೆ ಹೊರಟರು. ನೀರು ಮತ್ತೆ ಮೆಲ್ಲಗೆ ಏರತೊಡಗಿತು.

ಮುರಿಗೆಯ್ಯನಿಗೆ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು. ಕೆಸರುಗಾಲಲ್ಲೇ ಗುರುಗಳ ಬಳಿ ಹೋದ.

ಅವನು ಬಾಯಿ ತೆರೆಯುವ ಮೊದಲೇ ಗುರುಗಳು ಹೇಳಿದರು: “ಇವತ್ತಿನಿಂದ ದಿನಾಲೂ ಅರ್ಧ ಹೊತ್ತು ನಾವು ಹಲಗೆ ತೆಗೆಯುವುದಿಲ್ಲ. ತಿಪ್ಪವ್ವನಿಗೆ ತಿಳಿಸಿ ಬಾ.”

ಮುರಿಗೆಯ್ಯ ಬಾಗಿಲವರೆಗೆ ಹೋಗಿ ನಿಂತ.

“ಗುರುಗಳೇ, ನಾನು ಅಳೆದದ್ದು ಒಂದೂ ಸುಳ್ಳಲ್ಲ. ಕೂಡಿಸಿದ್ದರಲ್ಲೂ ತಪ್ಪಿಲ್ಲ. ಆದರೂ ಆಕೆಯ ಬಳ್ಳಿ ಒಣಗಿತಲ್ಲ?”

“ನಾವು ಕೈಮುಗಿದು ಕೂತಾಗ ಮಾತ್ರ ಅಳೆದೆಯಪ್ಪ.”