ಕಮ್ಮಾರನ ಒತ್ತೆ

"ಗುರುಗಳೇ, ಲೋಕಸೇವೆಗೆ ನಿಂತವನಿಗೆ ಸಂಸಾರ ಕಾಲಿಗೆ ತೊಡಕಲ್ಲವೇ?"

ಹೀಗೆ ಕೇಳಿದ ಶಿಷ್ಯ ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. ಹೆಂಡತಿಗೂ ಮಗಳಿಗೂ ಒಂದು ಮಾತು ಹೇಳದೆ ಹೊರಟು ಬಂದವನು. ಅಂದು ಸಾವಿರ ಜನಕ್ಕೆ ಬಡಿಸಿದ್ದ. ಆ ಉತ್ಸಾಹ ಇನ್ನೂ ಇಳಿದಿರಲಿಲ್ಲ. ಸಾರಿನ ಬಕೆಟ್ಟು ಕೈಯಲ್ಲೇ ತುಳುಕುತ್ತಿತ್ತು.

"ಮೊದಲು ಬಕೆಟ್ಟು ಕೆಳಗಿಡು. ನಿನ್ನ ವೈರಾಗ್ಯಕ್ಕೆ ನನ್ನ ಕಾವಿ ಯಾಕೆ ನೆನೆಯಬೇಕು?" ಎಂದ ಗುರುಗಳು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಆ ಊರಿನ ಬಾವಿಗಳು ಬಹಳ ಆಳ. ಹಗ್ಗ ಹರಿದು ಕೊಡ ಬಿದ್ದರೆ ಎತ್ತಲು ಪಾತಾಳಗರಡಿಯೇ ಬೇಕು. ಅದೊಂದು ಕಬ್ಬಿಣದ ಬಳೆ, ಸುತ್ತಲೂ ಕೊಕ್ಕೆಗಳು. ಊರಿಗೆಲ್ಲ ಇದ್ದದ್ದು ಒಂದೇ. ಅದನ್ನು ಕಮ್ಮಾರ ತಾನೇ ಬಡಿದು ಮಾಡಿ ತನ್ನ ಮನೆಯ ಗೂಟಕ್ಕೆ ತೂಗುಹಾಕಿದ್ದ.

ಪಾತಾಳಗರಡಿ ಒಯ್ಯುವವರು ತಮ್ಮದೊಂದು ಪಾತ್ರೆಯನ್ನು ಒತ್ತೆ ಇಡಬೇಕು ಎಂಬುದು ಹಿಂದಿನಿಂದ ಬಂದ ಪದ್ಧತಿ. ಪಾತ್ರೆಯಿಲ್ಲದೆ ಅಡುಗೆ ನಿಂತಾಗಲಾದರೂ ಹಿಂದಿರುಗಿಸುವ ನೆನಪಾಗಲಿ ಎಂದು. ನಮ್ಮ ಜನರ ಮರೆವಿಗೆ ನಮ್ಮ ಹಿರಿಯರೇ ಕಂಡುಕೊಂಡ ಮದ್ದು. ಈ ಕಮ್ಮಾರ ಮಾತ್ರ ಯಾರ ಪಾತ್ರೆಯನ್ನೂ ಇಸಿದುಕೊಳ್ಳಲಿಲ್ಲ. ಕೊಡ ಬಿತ್ತೆಂದು ಯಾರು ಕೂಗಿದರೂ ತಾನೇ ಓಡುತ್ತಿದ್ದ. ಜಗಳ ಆಡಿದವನ ಮನೆಯಾದರೂ ಸರಿ, ಬಾಯಲ್ಲಿ ತುತ್ತು ಇದ್ದರೂ ಸರಿ.

ಆಗ ಹೆಂಡತಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಊರಿಗೆ ನೀವು ಒತ್ತೆ ಬಿಡಬಹುದು, ನಿಮಗೆ ನಾನು ಬಿಡೋದಿಲ್ಲ. ಪಾತ್ರೆ ಇಟ್ಟು ಹೋಗಿ!" ಅವನು ನಗುತ್ತ ತನ್ನ ಊಟದ ತಟ್ಟೆಯನ್ನು ಅವಳ ಕೈಗಿಟ್ಟು ಓಡುತ್ತಿದ್ದ. ತಟ್ಟೆ ಒತ್ತೆಯಿದ್ದ ಮೇಲೆ ಬಾರದೆ ಎಲ್ಲಿಗೆ ಹೋದಾನು? ಎಷ್ಟು ಹೊತ್ತಾದರೂ ಬಂದು, ಹೆಂಡತಿ ಮಗಳೊಂದಿಗೆ ಕೂತು ಅದೇ ತಟ್ಟೆಯಲ್ಲಿ ಉಣ್ಣುತ್ತಿದ್ದ. ನಲವತ್ತು ವರ್ಷ ಒಂದು ದಿನವೂ ತಪ್ಪಲಿಲ್ಲ.

ವಯಸ್ಸಾಯಿತು, ತೀರಿಕೊಂಡ. ತಿಥಿಯ ದಿನ ಊರಿಗೆ ಊರೇ ಅವನ ಅಂಗಳದಲ್ಲಿ ನೆರೆಯಿತು. ಅಳಲು ಬಂದವರು ಅವನ ಕತೆ ತೆಗೆದು, ನಾ ಮುಂದು ತಾ ಮುಂದು ಎಂದು ಕೂಗತೊಡಗಿದರು. ನಮ್ಮ ಬಾವಿಗೆ ಏಳು ಸಲ ಬಂದಿದ್ದ ಎಂದು ಒಬ್ಬ, ನಮ್ಮದಕ್ಕೆ ಹನ್ನೊಂದು ಸಲ ಎಂದು ಇನ್ನೊಬ್ಬ. ಕೊಡ ಬೀಳಿಸಿದ್ದಕ್ಕೆ ಜನ ಅಷ್ಟು ಜಂಬಪಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಕೊನೆಗೆ ಊರಗೌಡ ಪಾತಾಳಗರಡಿಗೆ ಹೂವಿನ ಹಾರ ಹಾಕಿದ. "ತಾಯಿ, ಇದನ್ನ ಊರಿಗೆ ಕೊಟ್ಬಿಡಿ. ಕಟ್ಟೆ ಮೇಲೆ ಗುಡಿ ಕಟ್ಟಿ ಇಡ್ತೀವಿ. ದಿನಾ ಪೂಜೆ ಮಾಡ್ತೀವಿ!" ಜನ ಹೋ ಎಂದು ಚಪ್ಪಾಳೆ ತಟ್ಟಿತು.

ಕಮ್ಮಾರನ ಹೆಂಡತಿಗೆ ಸಂಕಟವಾಯಿತು. ಗುಡಿ ಸೇರಿದ ಕೊಕ್ಕೆ ಮತ್ತೆ ಬಾವಿಗೆ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೆ ಊರು ಇಷ್ಟು ಪ್ರೀತಿಯಿಂದ ಕೇಳುವಾಗ ಇಲ್ಲ ಎನ್ನುವುದು ಹೇಗೆ?

ಅಷ್ಟರಲ್ಲಿ ಹಿತ್ತಿಲಿನಿಂದ ಕೂಗು ಕೇಳಿತು. ತಿಥಿಯ ಅಡುಗೆಗೆ ನೀರು ಸೇದುತ್ತಿದ್ದವಳು ಕೊಡ ಬೀಳಿಸಿಕೊಂಡಿದ್ದಳು.

ಮಗಳು ತಟ್ಟನೆ ಎದ್ದಳು. ಹಾರ ತೆಗೆದು ಗೌಡನ ಕೈಗೇ ಕೊಟ್ಟು, ಪಾತಾಳಗರಡಿಯನ್ನು ಹೆಗಲಿಗೆ ಏರಿಸಿದಳು. ಎರಡು ಹೆಜ್ಜೆ ಓಡಿದವಳು ತಿರುಗಿ ಬಂದು, ತನ್ನ ಊಟದ ತಟ್ಟೆಯನ್ನು ತಾಯಿಯ ಕೈಗಿಟ್ಟಳು. ಆಮೇಲೆ ಬಾವಿಯತ್ತ ಓಡಿದಳು. ಇಡೀ ಊರು ಅವಳ ಹಿಂದೆ ಓಡಿತು. ಮೂರನೆಯ ಸಲ ಇಳಿಬಿಟ್ಟಾಗ ಕೊಡ ಸಿಕ್ಕಿತು. ಅದು ಮೇಲೆ ಬರುವುದನ್ನು ಕಂಡು ಜನ ಕುಣಿದಾಡಿದರು. ತಾಯಿ ತಟ್ಟೆಯನ್ನು ಎದೆಗೆ ಅವುಚಿಕೊಂಡು ಅಳುತ್ತಲೇ ನಕ್ಕಳು. ಮತ್ತೆ ಯಾರೂ ಗುಡಿಯ ಮಾತೆತ್ತಲಿಲ್ಲ.

ಕತೆ ಮುಗಿಯುವಷ್ಟರಲ್ಲಿ ಶಿಷ್ಯ ಎದ್ದು ನಿಂತಿದ್ದ. "ಆಹಾ! ಸತ್ತವರನ್ನ ನೆನೆಯೋದು ಅಂದ್ರೆ ಹೀಗೆ! ನಾಳೆ ಪಂಕ್ತಿಯಲ್ಲಿ ಎಲ್ಲರಿಗೂ ಇದನ್ನೇ ಹೇಳ್ತೀನಿ ಗುರುಗಳೇ!"

ಗುರುಗಳು ಬಕೆಟ್ಟನ್ನು ತಮ್ಮತ್ತ ಎಳೆದುಕೊಂಡು ಕೇಳಿದರು: "ನೀನು ಮನೆಯ ಹೊಸ್ತಿಲು ದಾಟುವಾಗ ಯಾವ ಪಾತ್ರೆ ಒತ್ತೆ ಇಟ್ಟು ಬಂದೆ?"