ನೊಗದ ಪಕ್ಕ ಬದಲಾಯಿಸಿದ ಗೊರವಂಕ

ಪ್ರವಾಸಿ ಬಂಗಲೆಯಲ್ಲಿ ವಿದೇಶಿಯರನ್ನು ಇಂಗ್ಲಿಷಿನಲ್ಲಿ ಮಾತಾಡಿಸುವ ಹಕ್ಕಿಗೆ ದಿನಾ ಬಿಸ್ಕತ್ತು ಸಿಗುತ್ತದೆಂದು ಕೇಳಿ, ಸಗಣಿ ಕೆದಕಿ ಸಾಕಾಗಿದ್ದ ಗೊರವಂಕವೊಂದು ಅಲ್ಲಿನ ಮುದಿಗಿಣಿಯ ಬಳಿ ಪಾಠಕ್ಕೆ ಸೇರಿತು.

"ಗುಡ್ ಅನ್ನೋ ಮಾತು ಬಂದರೆ ಅದರ ಜೊತೆಗೆ ಅಟ್. ಅಫ್ರೇಡ್ ಬಂದರೆ ಆಫ್. ನಾಳೆ ಪರೀಕ್ಷೆ," ಎಂದಿತು ಗಿಣಿ.

"ಯಾಕೆ ಹಾಗೆ?"

"ಅದು ಹಾಗೇ."

"ಕಾರಣ ಹೇಳದೆ ಕಲಿಸೋದು ಮೋಸ, ಗುರುಗಳೇ!" ಎಂದು ರೇಗಿದ ಗೊರವಂಕ ಹಾರಿಹೋಗಿ, ಕೆರೆಯ ಬಳಿ ನಿಂತಿದ್ದ ಹುಲ್ಲಿನ ಗಾಡಿಯ ಮೇಲೆ ಕೂತಿತು. ನೊಗ ಕಳಚಿಕೊಂಡು ನೀರು ಕುಡಿಯುತ್ತಿದ್ದ ಎತ್ತುಗಳನ್ನು ಕೇಳಿತು: "ನೀವು ದಿನಾ ಒಂದೇ ಪಕ್ಕದಲ್ಲಿ ಯಾಕೆ ನಡೀತೀರಿ?"

"ನಾನು ಎಡಕ್ಕೆ, ಇವನು ಬಲಕ್ಕೆ. ಹೋರಿಗಳಾಗಿದ್ದಾಗಿನಿಂದ ಹಾಗೇ ಪಳಗಿದ್ದೀವಿ ತಾಯಿ," ಎಂದಿತು ಕೆಂದೆತ್ತು.

"ಇಲ್ಲೂ ಹಾಗೇನಾ! ಹೆಗಲಿಗೆ ಎಡವೇನು, ಬಲವೇನು? ಒಂದು ಸಲ ಬದಲಾಯಿಸಿ ನೋಡಿ, ಲೋಕ ಮುಳುಗೋದಿಲ್ಲ."

ಮರ್ಯಾದಸ್ಥ ಎತ್ತುಗಳು ಕಲಿತವಳ ಮಾತು ತೆಗೆದುಹಾಕಲಾಗದೆ ಜಾಗ ಬದಲಾಯಿಸಿ ನಿಂತವು. ಎಲೆಅಡಿಕೆ ಮೆಲ್ಲುತ್ತಿದ್ದ ಗಾಡಿಯವನು ಮುಖ ನೋಡದೆ ಹೂಡಿಬಿಟ್ಟ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎರಡೂ ತಂತಮ್ಮ ಹಳೆಯ ಪಕ್ಕಕ್ಕೆ ನುಗ್ಗಿದವು. ನೊಗ ತಿರುಚಿಕೊಂಡು, ಗಾಡಿಯು ಹುಲ್ಲು, ಗೊರವಂಕ ಸಮೇತ ಪಕ್ಕದ ಕಾಲುವೆಗೆ ಮಗುಚಿತು.

"ಕಾರಣ ಸಿಕ್ಕಿತೇನಮ್ಮಾ?" ಎಂದಿತು ಕೆಂದೆತ್ತು, ಕೆಸರಿನಿಂದಲೇ.

ಗೊರವಂಕ ಒದ್ದೆ ರೆಕ್ಕೆ ಎಳೆದುಕೊಂಡು ನೆಟ್ಟಗೆ ಗಿಣಿಯ ಮುಂದೆ ಬಂದು ಕೂತಿತು.

"ಗುರುಗಳೇ, ಈ ಫೇಮಸ್ ಅನ್ನೋನ ಪಕ್ಕಕ್ಕೆ ಯಾರನ್ನು ಹೂಡಬೇಕು? ಹೆಸರು ಹೇಳಿ ಸಾಕು, ಕಾರಣ ನಿಮ್ಮ ಹತ್ತಿರಾನೇ ಇರಲಿ."