ಎರಡು ಮನೆಗಳ ನಡುವಿನ ಮನೆ

"ಗುರುಗಳೇ, ನಾನು ಯಾರು ಎಂದು ತಿಳಿಯದೆ ನನಗೆ ನೆಮ್ಮದಿಯಿಲ್ಲ. ಈ ಮಠದ ಗದ್ದಲದಲ್ಲಿ ಅದು ತಿಳಿಯುವಂತಿಲ್ಲ. ಗುಡ್ಡದ ಗವಿಗೆ ಹೋಗಿ ಒಬ್ಬನೇ ಕೂರುತ್ತೇನೆ, ಅಪ್ಪಣೆ ಕೊಡಿ," ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಕೂತುಕೋ. ಚಾಪೆ ಹೆಣೆಯುವವಳೊಬ್ಬಳ ಕತೆಯಿದೆ, ಕೇಳಿಕೊಂಡು ಹೊರಡು," ಎಂದರು.

ಚಾಪೆ ಹೆಣೆಯುವವಳೊಬ್ಬಳಿದ್ದಳು. ಜೊಂಡು ಕೊಯ್ದು, ಒಣಗಿಸಿ, ಹೆಣೆದು, ಸಂತೆಯಲ್ಲಿ ಮಾರಿ ಬಾಳು ಸಾಗಿಸಿದ್ದಳು. ಮಕ್ಕಳಿದ್ದರು, ಮೊಮ್ಮಕ್ಕಳಿದ್ದರು. ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ "ನಿಮ್ಮ ತವರು ಯಾವುದು?" ಎಂದು ಯಾರಾದರೂ ಕೇಳಿದರೆ ಮಾತ್ರ ಅವಳು ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಐದು ವರ್ಷದ ಮಗುವಾಗಿದ್ದಾಗ ಅವಳು ಅಪ್ಪ ಅವ್ವನ ಜೊತೆ ಎಲ್ಲಿಗೋ ಹೊರಟಿದ್ದಳು. ರೈಲು ನಿಲ್ದಾಣದಲ್ಲಿ ಜನ ಒಮ್ಮೆಗೇ ನುಗ್ಗಿದರು. ಮಗು ಅವ್ವನ ಸೆರಗು ಹಿಡಿದುಕೊಂಡೇ ಗಾಡಿ ಹತ್ತಿತು. ಗಾಡಿ ಹೊರಟ ಮೇಲೆ ತಲೆಯೆತ್ತಿ ನೋಡಿದರೆ, ಸೆರಗು ಅವ್ವನದಾಗಿರಲಿಲ್ಲ.

ಗಾಡಿ ಕೊನೆಗೆ ನಿಂತ ಊರಿನಲ್ಲಿ ಚಾಪೆ ಮಾರಲು ಬಂದಿದ್ದ ಗಂಡಹೆಂಡತಿ ಅಳುತ್ತಿದ್ದ ಮಗುವನ್ನು ಕಂಡರು.

"ಯಾವೂರು ಮಗಾ ನಿಂದು?"

"ಹೊಸಹಳ್ಳಿ."

"ಅಪ್ಪನ ಹೆಸರೇನು?"

"ಅಪ್ಪ."

"ಅವ್ವನ ಹೆಸರು?"

"ಅವ್ವ."

"ನಿನ್ನ ಹೆಸರು?"

"ಪುಟ್ಟಿ."

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಹೊಸಹಳ್ಳಿಯಿಲ್ಲದ ತಾಲ್ಲೂಕಿಲ್ಲ, ಪುಟ್ಟಿಯಿಲ್ಲದ ಮನೆಯಿಲ್ಲ. ಪೊಲೀಸರಿಗೆ ಹೇಳಿದರು. ಗೊತ್ತಿದ್ದ ಹೊಸಹಳ್ಳಿಗಳಿಗೆಲ್ಲ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿದರು. ಇದು ನಮ್ಮದು ಎಂದು ಯಾರೂ ಮುಂದೆ ಬರಲಿಲ್ಲ. ಕೊನೆಗೆ ತಾವೇ ಸಾಕಿದರು, ಕಸುಬು ಕಲಿಸಿದರು, ಒಳ್ಳೆಯ ಕಡೆ ಮದುವೆ ಮಾಡಿಕೊಟ್ಟರು. ಅವಳಿಗೆ ಅವರ ಮೇಲೆ ಪ್ರೀತಿಯಿತ್ತು. ಆದರೂ ಹೆತ್ತವಳ ಮುಖ ನೆನಪಿನಲ್ಲಿ ಮಾಸುತ್ತ ಹೋದಾಗ, ಯಾರಿಗೂ ಕಾಣದಂತೆ ಅಳುತ್ತಿದ್ದಳು.

ವಯಸ್ಸು ಎಪ್ಪತ್ತು ದಾಟಿತು. ಒಂದು ದಿನ ಮಗ ಸುದ್ದಿ ತಂದ. ಹಳೆಯ ಜನಗಣತಿಯ ಪುಟಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಾರಂತೆ. ಆಗ ಯಾವ ಊರಿನ ಯಾವ ಮನೆಯಲ್ಲಿ ಯಾರಿದ್ದರು ಎಂದು ಕಚೇರಿಗೆ ಹೋಗಿ ಕೇಳಿದರೆ ಹುಡುಕಿ ಹೇಳುತ್ತಾರಂತೆ ಎಂದ.

"ಯಾರು ಅಂತ ಕೇಳ್ಲಪ್ಪಾ ನಾನು?" ಎಂದಳು ಅವಳು. ಹಾಗೆಂದವಳು ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಮಗನಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಕಚೇರಿಯ ಅಧಿಕಾರಿ ಹೆಸರು ಕೇಳಿದ. ಅವಳಲ್ಲಿದ್ದದ್ದು ಆ ಹಳೆಯ ಉತ್ತರಗಳೇ. ಅಧಿಕಾರಿ ಬೆರಳುಗಳನ್ನು ಕೀಲಿಮಣೆಯಿಂದ ಎತ್ತಿದ.

"ಅಮ್ಮಾ, ಹೆಸರಿಲ್ಲದೆ ಇದರಲ್ಲಿ ಯಾರನ್ನೂ ಹುಡುಕೋಕೆ ಆಗಲ್ಲ," ಎಂದ.

ಅದು ಅವಳಿಗೆ ಗೊತ್ತಿದ್ದ ಮಾತೇ. ಎದ್ದಳು. ಅವಳು ಬಾಗಿಲ ತನಕ ಹೋಗುವುದನ್ನು ನೋಡುತ್ತಿದ್ದ ಅಧಿಕಾರಿಗೆ ಏನನ್ನಿಸಿತೋ, "ತಡೀರಿ ಅಮ್ಮಾ," ಎಂದು ಕರೆದ. "ನಿಮ್ಮ ಅವ್ವ ದಿನಾ ಯಾರ ಜೊತೆ ಮಾತಾಡ್ತಿದ್ದರು?"

ಅವಳು ನಿಂತಳು. ನೆನಪು ಮಾಡಿಕೊಳ್ಳಲೇ ಇಲ್ಲ, ಬಾಯಿ ತಾನಾಗಿ ತೆರೆಯಿತು.

"ಸಾಕವ್ವಾ, ಒಂದ್ ಹಿಡಿ ಉಪ್ಪಿದ್ರೆ ಕೊಡೇ!"

ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳೇ ಬೆಚ್ಚಿದಳು, ಯಾಕೆಂದರೆ ಅದು ಅವಳ ದನಿಯಾಗಿರಲಿಲ್ಲ. ಅವ್ವ ಗೋಡೆಯ ಮೇಲಿಂದ ಪಕ್ಕದ ಮನೆಗೆ ಕೂಗುತ್ತಿದ್ದ ದನಿ. ಹಿಂದೆಯೇ ಇನ್ನೊಂದು ಬಂತು, ಈ ಸಲ ಜಗಳದ ದನಿ.

"ಸಿದ್ದಾಚಾರೀ, ನಿನ್ ಕುಲುಮೆ ಹೊಗೆಯೆಲ್ಲಾ ನನ್ ಬಟ್ಟೆಗೇ ಬಡೀತು ಕಣಯ್ಯಾ!"

ಮನೆಯವರನ್ನು ಯಾರು ಹೆಸರು ಹಿಡಿದು ಕರೆಯುತ್ತಾರೆ? ಗಂಡನ ಹೆಸರನ್ನು ಹೆಂಡತಿ ಹೇಳಳು, ಹೆತ್ತವರ ಹೆಸರು ಮಗುವಿಗೆ ಬೇಕಿಲ್ಲ. ಆ ಮನೆಯಲ್ಲಿ ಬಾಯಿತುಂಬ ಕೇಳಿಬಂದ ಹೆಸರುಗಳೆಲ್ಲ ನೆರೆಯವರವು. ಎಡಕ್ಕೆ ಸಾಕವ್ವ, ಬಲಕ್ಕೆ ಕಮ್ಮಾರ ಸಿದ್ದಾಚಾರಿ.

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತ. ಒಂದೊಂದೇ ಹೊಸಹಳ್ಳಿಯನ್ನು ತೆಗೆದು ಹುಡುಕತೊಡಗಿದ. ಒಂದು ಹೊಸಹಳ್ಳಿಯಲ್ಲಿ ಸಾಕವ್ವನಿದ್ದರೆ ಕಮ್ಮಾರನಿಲ್ಲ, ಇನ್ನೊಂದರಲ್ಲಿ ಕಮ್ಮಾರನಿದ್ದರೆ ಸಾಕವ್ವನಿಲ್ಲ. ದಿನಗಳು ಹೋದವು. ಮಗ ಕೆಲಸಕ್ಕೆ ಮರಳಿದ. ಅವಳು ಒಬ್ಬಳೇ ಬಸ್ಸು ಹತ್ತಿ ಬರುತ್ತಿದ್ದಳು, ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ಕೊನೆಗೊಂದು ಹೊಸಹಳ್ಳಿಯಲ್ಲಿ ಇಬ್ಬರೂ ಸಿಕ್ಕರು. ಒಂದೇ ಕೇರಿ, ಒಂದೇ ಪುಟ. ಅಧಿಕಾರಿ ಸಂತೋಷದಿಂದ ಮುಂದೆ ಬಾಗಿದವನು ಹಾಗೆಯೇ ಹಿಂದಕ್ಕೆ ಒರಗಿದ.

"ಸಾಕವ್ವನ ಮನೆ ಆದಮೇಲೆ ಸಿದ್ದಾಚಾರಿ ಮನೆಯೇ ಬರುತ್ತಮ್ಮಾ. ನಡುವೆ ಯಾರೂ ಇಲ್ಲ."

"ನಡುವೆ ಯಾರೂ ಇಲ್ದಿದ್ರೆ ನಾನೆಲ್ಲಿ ಹುಟ್ಟಿದೆ?" ಎಂದಳು ಅವಳು.

ಅಧಿಕಾರಿ ಮತ್ತೆ ನೋಡಿದ. ಮನೆಗಳ ಸಂಖ್ಯೆ ನೋಡಿದ. ಎರಡು ಮನೆಗಳ ನಡುವೆ ಒಂದು ಸಂಖ್ಯೆ ತಪ್ಪಿತ್ತು. ಹಳೆಯ ಪುಟ ಓದಿ ಹೆಸರುಗಳನ್ನು ಕಂಪ್ಯೂಟರಿಗೆ ಬರೆದವರು ಯಾರೋ ಒಂದು ಮನೆಯನ್ನು ಬಿಟ್ಟಿದ್ದರು. ಅವನು ಆ ಪುಟದ ಚಿತ್ರವನ್ನೇ ತೆಗೆದ. ಆ ಸಾಲುಗಳ ಮೇಲೆ ಎಂದೋ ನೀರು ಬಿದ್ದು ಶಾಯಿ ಹರಡಿತ್ತು. ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ.

"ಜವರಯ್ಯ, ಮನೆ ಯಜಮಾನ. ಈರಮ್ಮ, ಹೆಂಡತಿ. ಮಂಚಯ್ಯ, ಮಗ, ಒಂದು ವರ್ಷ. ಹೊಂಬಾಳಮ್ಮ, ಮಗಳು, ನಾಲ್ಕು ವರ್ಷ."

"ಹೊಂಬಾಳಮ್ಮ ಅಂದ್ರೆ ಯಾರು?" ಎಂದು ಕೇಳಿದಳು ಅವಳು.

"ನೀವೇ ಅಮ್ಮಾ."

ಅವಳು ಪರದೆಗೆ ಕೈ ಮುಗಿದಳು. ಆಮೇಲೆ ಅಧಿಕಾರಿಯ ಎರಡೂ ಕೆನ್ನೆ ಸವರಿ ನೆಟಿಗೆ ತೆಗೆದಳು. ಆ ದಿನವೆಲ್ಲ ಆ ಹೆಸರನ್ನು ಬಾಯಲ್ಲಿ ಬೆಲ್ಲದಂತೆ ಇಟ್ಟುಕೊಂಡಿದ್ದಳು. ಎಲ್ಲಿಗೆ ಎಂದು ಕೇಳಿದ ಬಸ್ ಕಂಡಕ್ಟರನಿಗೆ ಊರಿನ ಹೆಸರು ಹೇಳುವ ಬದಲು "ಹೊಂಬಾಳಮ್ಮ" ಎಂದಳು. ಅವನು ನಕ್ಕ, ಅವಳೂ ನಕ್ಕಳು.

ಮುಂದಿನ ವಾರ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಆ ಹೊಸಹಳ್ಳಿಗೆ ಹೋದಳು. ಮಂಚಯ್ಯನ ಮನೆ ಯಾವುದು ಎಂದು ಕೇಳಿ ಕೇಳಿ ಕೇರಿಗೆ ಬಂದರು. ಜಗಲಿಯ ಮೇಲೆ ಮುದುಕನೊಬ್ಬ ಅವರೆಕಾಯಿ ಸುಲಿಯುತ್ತ ಕೂತಿದ್ದ.

"ಯಾರವ್ವಾ ನೀನು?"

"ಹೊಂಬಾಳಮ್ಮ."

ಮುದುಕ ಎದ್ದ. ಮಡಿಲಲ್ಲಿದ್ದ ಕಾಯಿಯೆಲ್ಲ ನೆಲಕ್ಕೆ ಚೆಲ್ಲಿತು.

"ನಮ್ಮನೇಲಿ ಆ ಹೆಸರು ಇನ್ಯಾರಿಗೂ ಇಲ್ಲ," ಎಂದ. "ನನಗೆ ಹೆಣ್ಣು ಹುಟ್ಟಿದಾಗ ಇಡೋಣ ಅಂದೆ. ಅವ್ವ ಬಿಡಲಿಲ್ಲ. ಅದು ನನ್ನ ಮಗಳ ಹೆಸರು, ಅದರ ಒಡತಿ ಬರ್ತಾಳೆ, ಖಾಲಿ ಇಟ್ಟಿರಿ ಅಂದಳು. ಸಾಯೋವಾಗಲೂ ಅದನ್ನೇ ಹೇಳಿ ಸತ್ತಳು. ಬಂದೆಯಾ ಅಕ್ಕಾ?"

"ಬಂದೆ ಕಣೋ," ಎಂದಳು ಅವಳು.

ಅಕ್ಕ ತಮ್ಮ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ಕೇರಿಗೆ ಕೇರಿಯೇ ನೆರೆದಿತ್ತು, ಅಳಲು ಜಾಗವೇ ಇರಲಿಲ್ಲ. ಹೇಗೆ ಸಿಕ್ಕಳು ಎಂದು ಎಲ್ಲರೂ ಕೇಳಿದರು. ಅವಳು ಹೇಳಿದಳು. ಕೂಡಲೇ ಸಾಕವ್ವನ ಮೊಮ್ಮಗಳು ಮುಂದೆ ಬಂದು ಅವಳ ಕೈ ಹಿಡಿದಳು.

"ನಮ್ಮಜ್ಜಿ ಹೆಸರು ಹಿಡ್ಕೊಂಡು ಬಂದಿದ್ದಾರೆ. ಮೊದಲ ಊಟ ನಮ್ಮನೇಲಿ."

"ಅದ್ಹೆಂಗಾಗುತ್ತೆ?" ಎಂದ ಸಿದ್ದಾಚಾರಿಯ ಮೊಮ್ಮಗ. "ಸಾಕವ್ವಂದಿರು ಊರಿಗೆ ಹತ್ತು ಮಂದಿ. ನಮ್ಮ ತಾತನ ಹೊಗೆ ಇಲ್ದಿದ್ರೆ ಇವರು ಸಿಗ್ತಿದ್ರಾ?"

ಮಂಚಯ್ಯನ ಹೆಂಡತಿ ಒಳಗಿಂದಲೇ, ಅನ್ನಕ್ಕಿಟ್ಟಾಗಿದೆ ಎಂದು ಕೂಗಿದಳು. ಯಾರೂ ಸೋಲಲಿಲ್ಲ. ಆ ಮಧ್ಯಾಹ್ನ ಅವಳು ಮೂರು ಮನೆಗಳಲ್ಲೂ ಎಲೆಯ ಮುಂದೆ ಕೂತಳು, ಮೂರು ಕಡೆಯೂ ಉಂಡಳು. ಆ ಕೇರಿಯಲ್ಲಿ ಆ ದಿನ ಎಲ್ಲರೂ ಅವಳನ್ನು ಹೆಸರು ಹಿಡಿದೇ ಕರೆದರು. ಕರೆದಷ್ಟು ಸಲವೂ ಅವಳು "ಓ" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಎದ್ದು ಕೈ ಮುಗಿದ. "ಅವಳಿಗೆ ತಾನು ಯಾರೆಂದು ತಿಳಿಯಿತು, ಗುರುಗಳೇ. ನನಗೂ ತಿಳಿಯಲಿ ಎಂದು ಹರಸಿ ಕಳಿಸಿಕೊಡಿ. ಗವಿಗೆ ಈಗಲೇ ಹೊರಡುತ್ತೇನೆ," ಎಂದ.

"ಹೋಗಿ ಬಾ," ಎಂದರು ಗುರುಗಳು. "ನಿನ್ನ ಪಕ್ಕದ ಕೋಣೆಯವನ ಹೆಸರೇನು, ಅದೊಂದನ್ನು ಹೇಳಿ ಹೋಗು."

ಶಿಷ್ಯ ಬಾಯಿ ತೆರೆದ. ಹಾಗೆಯೇ ತಿರುಗಿ, ಹೆಸರು ಕೇಳಲು ಪಕ್ಕದ ಕೋಣೆಯತ್ತ ನಡೆದ.